ಮಗಳ ಆಸ್ಪತ್ರೆಯಲ್ಲಿ ಐದು ವಾರ

ಮಗಳನ್ನು ವಾಪಸ್ ಕರೆದುಕೊಂಡು ಬರೋಣ ಅಂತಲೇ ನಾವು ಹೊರಟಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ನಮ್ಮ ಚರ್ಚಿನ ಸಭೆಯಲ್ಲಿ "ಅಪ್ಪ ಅಮ್ಮನೂ ಮಗಳ ಜೊತೆ ಸೇವೆಗೆ ಹೊರಟರು" ಅಂತ ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಮಾಡಿ ಕಳಿಸಿದರು, ನಾನೂ ಸುಮ್ನೆ ತಲೆ ತಗ್ಗಿಸಿ ನಿಂತಿದ್ದೆ, ಆದರೆ ನನ್ನ ಬ್ಯಾಗಿನಲ್ಲಿ ಒಬ್ಬ ಹುಡುಗನ ಫೋಟೋ ಇತ್ತು. ಬೆಂಗಳೂರಿನಲ್ಲಿ ಕೆಲಸ, ಒಳ್ಳೆ ಮನೆತನ, ನಮ್ಮ ಸಿಎಸ್‌ಐ ಚರ್ಚಿನವರೇ.

ಮಗಳು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಅಂದರೆ ಸಿಎಂಸಿಯಲ್ಲಿ, ಬಿಎಸ್ಸಿ ನರ್ಸಿಂಗ್ ಓದಿದವಳು. ಸೀಟು ಸಿಕ್ಕಿದ್ದು ಸಭೆಯ ಶಿಫಾರಸಿನ ಮೇಲೆ. ಹಾಗೆ ಓದಿದವರು ಮುಗಿಸಿದ ಮೇಲೆ ಎರಡು ವರ್ಷ ಯಾವುದಾದರೂ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅವಳಿಗೆ ಬಂದಿದ್ದು ಬಿಹಾರದ ರಕ್ಸೌಲ್. ನೇಪಾಳದ ಗಡಿಗೆ ಅಂಟಿಕೊಂಡ ಊರು. ಎರಡು ವರ್ಷ ತಾನೇ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಆಗಿಹೋಗುತ್ತೆ ಅಂದುಕೊಂಡೆವು. ಎರಡು ವರ್ಷ ಮುಗಿಯಿತು. "ಅಮ್ಮಾ, ಇನ್ನೊಂದು ವರ್ಷ ಇರ್ತೀನಿ" ಅಂದಳು. ಅದೂ ಮುಗಿಯಿತು. ಮತ್ತೆ ಅದೇ ಮಾತು. ಆಮೇಲೆ ನಾನು ಫೋನಿನಲ್ಲಿ ಕೇಳುವುದನ್ನೇ ಬಿಟ್ಟು ಟಿಕೆಟ್ ಬುಕ್ ಮಾಡಲು ಕೂತೆ.

"ನೋಡೋಕೆ ಬರೋದಾದ್ರೆ ಒಂದು ವಾರ ಬನ್ನಿ, ನನ್ನ ರೂಮಲ್ಲೇ ಇರಿ. ನಮ್ಮ ಜೊತೆ ಕೆಲಸ ಮಾಡೋದಾದ್ರೆ ನನಗಲ್ಲ, ಆಫೀಸಿಗೆ ಬರೀರಿ" ಅಂದಳು ಮಗಳು. ನನಗೆ ಸ್ವಲ್ಪ ಉರಿಯಿತು. ಹೆತ್ತ ಮಗಳನ್ನು ನೋಡೋಕೆ ಅರ್ಜಿ ಹಾಕಬೇಕಾ? ಆದರೂ ಬರೆದೆವು. ನಮ್ಮ ವಯಸ್ಸು, ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಎಷ್ಟು ದಿನ ಇರುತ್ತೇವೆ, ಎಲ್ಲ. ಜೊತೆಗೆ ಸಭಾಪಾಲಕರ ಪತ್ರ, ಆಧಾರ್ ನಕಲು, ಡಾಕ್ಟರ ಸರ್ಟಿಫಿಕೇಟು. ನಿಮಗೆ ಯಾವ ಕೆಲಸ ಬರುತ್ತೆ ಅಂತ ಕೇಳಿದ್ದರು. ನಾನು 32 ವರ್ಷ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದವಳು. "ಪಾಠ, ಹೊಲಿಗೆ, ಅಡುಗೆ, ಹಾಡು" ಅಂತ ಉದ್ದಕ್ಕೆ ಬರೆದೆ. ನಮ್ಮ ಮನೆಯವರು ಹಾಸನದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರು ಬರೆದದ್ದು ಮೂರೇ ಮಾತು: ವೀಲು, ಬೇರಿಂಗು, ವೆಲ್ಡಿಂಗು. ಎರಡೇ ದಿನದಲ್ಲಿ ಉತ್ತರ ಬಂತು. ಅಂಕಲ್ ದಯವಿಟ್ಟು ಬರಲಿ, ಬಹಳ ಕೆಲಸ ಇದೆ. ಆಂಟಿಯದು ಬಂದ ಮೇಲೆ ನೋಡೋಣ.

ಹೊರಡುವ ಹಿಂದಿನ ದಿನ ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದ ಕೇಳಿದರು, "ಏನ್ ಟೀಚರೇ, ಮತಾಂತರ ಮಾಡೋಕೆ ಹೊರಟ್ರಾ?" ಅರ್ಧ ತಮಾಷೆ, ಅರ್ಧ ನಿಜವಾಗಿಯೇ ಕೇಳಿದ್ದು. "ಮೊದಲು ನನ್ನ ಮಗಳ ಮನಸ್ಸು ತಿರುಗುತ್ತಾ ನೋಡ್ತೀನಿ ಕಣ್ರೀ" ಅಂದೆ.

ಬೆಂಗಳೂರಿನಿಂದ ಪಟ್ನಾ ಪಕ್ಕದ ದಾನಾಪುರಕ್ಕೆ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ. ಡಿಸೆಂಬರ್ ತಿಂಗಳು. ಉತ್ತರ ಪ್ರದೇಶ ಮುಟ್ಟಿದ ಮೇಲೆ ಮಂಜು ಶುರುವಾಯಿತು. ನಮ್ಮ ಸಕಲೇಶಪುರದ ಮಂಜು ಬಿಸಿಲು ಬಂದರೆ ಹೋಗುತ್ತೆ, ಇದು ಹಾಗಲ್ಲ, ಮಧ್ಯಾಹ್ನವಾದರೂ ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದಂತೆ ಇರುತ್ತೆ. ಗಾಡಿ ತೆವಳಿಕೊಂಡು ಹೋಯಿತು. ಒಂಬತ್ತು ಗಂಟೆ ತಡ. ಮುಂದಿನ ಗಾಡಿ ತಪ್ಪಿ ಬಸ್ಸು ಹಿಡಿದೆವು. ಗಂಗೆಯ ಮೇಲಿನ ಮಹಾತ್ಮ ಗಾಂಧಿ ಸೇತುವೆ ಐದೂವರೆ ಕಿಲೋಮೀಟರಿಗಿಂತ ಉದ್ದ ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ನಾನು ದಾಟಿದಾಗ ಕಂಡದ್ದು ಮುಂದಿನ ಲಾರಿಯ ಕೆಂಪು ದೀಪ ಒಂದೇ. ಮೋತಿಹಾರಿ ಬಂದಾಗ ಎದ್ದು ಕೂತೆ. ಚಂಪಾರಣ್, 1917, ನೀಲಿ ಬೆಳೆ, ಗಾಂಧೀಜಿ. ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಊರಿನಲ್ಲಿ ನಾನು ಮಾಡಿದ್ದು ಬಸ್ಸಿಳಿದು ಒಂದು ಕುಲ್ಹಡ್, ಅಂದರೆ ಮಣ್ಣಿನ ಲೋಟ, ಚಹಾ ಕುಡಿದದ್ದು.

ರಕ್ಸೌಲ್ ಚೆಂದದ ಊರು ಅಂತ ಸುಳ್ಳು ಹೇಳಲಾರೆ. ಧೂಳು, ನೇಪಾಳಕ್ಕೆ ಹೋಗುವ ಲಾರಿಗಳ ಸಾಲು, ಮೂಗಿಗೆ ಹೊಡೆಯುವ ಸಿರ್ಸಿಯಾ ನದಿ. ಅದರಾಚೆ ನೇಪಾಳದ ಬೀರ್‌ಗಂಜ್. ಮಗಳು ಕೆಲಸ ಮಾಡುವ ಡಂಕನ್ ಆಸ್ಪತ್ರೆಯನ್ನು ಸ್ಕಾಟ್ಲೆಂಡಿನ ಸೆಸಿಲ್ ಡಂಕನ್ ಎಂಬ ಡಾಕ್ಟರು 1930ರಲ್ಲಿ ಶುರು ಮಾಡಿದ್ದು. ಆಗ ನೇಪಾಳ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿತ್ತು. ಮಿಷನ್‌ನವರು ಒಳಗೆ ಹೋಗುವ ಹಾಗಿರಲಿಲ್ಲ. ಆದರೆ ಒಳಗಿನ ರೋಗಿಗಳು ಹೊರಗೆ ಬರಬಹುದಿತ್ತಲ್ಲ, ಹಾಗಾಗಿ ಬಾಗಿಲ ಪಕ್ಕದಲ್ಲೇ ಕೂತರು. ಈಗಲೂ ಆ ಕಡೆಯಿಂದ ಜನ ಬರುತ್ತಲೇ ಇರುತ್ತಾರೆ.

ಮೊದಲನೇ ವಾರ ನಾವು ಬರೀ ಹೊರೆ. ಮಗ ಮಗಳು ಇಂಥ ಜಾಗದಲ್ಲಿದ್ದಾರೆ, ಹೋಗಿ ಕೈಜೋಡಿಸೋಣ ಅನ್ನುವ ಅಪ್ಪ ಅಮ್ಮಂದಿರು ಇದನ್ನು ತಿಳಿದೇ ಹೋಗಬೇಕು. ನಮ್ಮನ್ನು ಬಸ್ ಸ್ಟ್ಯಾಂಡಿನಿಂದ ಕರೆತರಲು ಅವಳು ಡ್ಯೂಟಿ ಬದಲಿಸಿಕೊಂಡಿದ್ದಳು. ಅದರ ಸಾಲ ತೀರಿಸಲು ಎರಡು ನೈಟ್ ಮಾಡಿದಳು. ನಮ್ಮ ಮನೆಯವರ ಬಿಪಿ ಮಾತ್ರೆ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು, ಅದಕ್ಕೂ ಅವಳೇ ಓಡಾಡಿದಳು. ನನಗೆ ಚಳಿ ತಡೆಯದೆ ಬಿಸಿನೀರು ಬಿಸಿನೀರು ಅಂತ ಮೆಸ್ಸಿನವರ ಪ್ರಾಣ ತಿಂದೆ. ಜೊತೆಗೆ ಅವಳು ಡ್ಯೂಟಿಗೆ ಹೋದಾಗ ಅವಳ ಬೀರು ಜೋಡಿಸಿಟ್ಟೆ. ಬಂದು ನೋಡಿದಳು. ಏನೂ ಅನ್ನಲಿಲ್ಲ. ಮಾರನೇ ದಿನ ಬೀರುವಿಗೆ ಬೀಗ ಇತ್ತು.

ಐದು ಕಿಲೋ ರಾಗಿ ಹಿಟ್ಟು ಹೊತ್ತುಕೊಂಡು ಹೋಗಿದ್ದೆ. ಮುದ್ದೆ ಕೋಲು ಮರೆತಿದ್ದೆ. ಮೆಸ್ಸಿನ ಲಟ್ಟಣಿಗೆಯಲ್ಲಿ ತಿರುವಿದ್ದಕ್ಕೆ ಗಂಟು ಗಂಟಾಯಿತು. ಕೇರಳದ ಹುಡುಗಿ, ಮಿಜೋರಾಂನ ಹುಡುಗಿ, ಜಾರ್ಖಂಡಿನ ಇಬ್ಬರು, ಎಲ್ಲ ಸಾಲಾಗಿ ಕೂತು ತಿಂದರು. ಒಬ್ಬಳು ಮಾತ್ರ ಅಗಿದಳು. ಪಾಪ, ನುಂಗಬೇಕು ಅಂತ ಯಾರೂ ಹೇಳಿರಲಿಲ್ಲ.

ಎರಡನೇ ವಾರ ನನಗೂ ಕೆಲಸ ಕೊಟ್ಟರು. ಹುಟ್ಟಿದ ಮಕ್ಕಳ ವಾರ್ಡಿನ ಹೊರಗಿನ ಜಗಲಿಯಲ್ಲಿ ಕೂತಿರುವ ಅಜ್ಜಿಯರ ಜೊತೆ ಕೂತುಕೊಳ್ಳೋದು. ಅಷ್ಟೇ. ಬೇಕಿದ್ದರೆ ಮಾತಾಡಿ, ಬೇಡದಿದ್ದರೆ ಸುಮ್ಮನಿರಿ ಅಂದರು. ಇದೂ ಒಂದು ಕೆಲಸವಾ ಅನ್ನಿಸಿತು. ವಾರ್ಡಿನ ಒಳಗೆ ಮಗಳನ್ನು ಹೆಸರು ಹಿಡಿದು ಕೂಗಬಾರದು, "ಸಿಸ್ಟರ್" ಅನ್ನಬೇಕು ಅಂತಲೂ ಹೇಳಿದರು. ಎರಡು ಸಲ ತಪ್ಪಿದೆ. ಮೂರನೇ ಸಲ ಬಾಯಿಗೆ ಬಂತು. ಅವಳು ತಿರುಗಿ, "ಹೇಳಿ ಆಂಟಿ" ಅಂದಳು. ಕಣ್ಣಲ್ಲಿ ನಗು ಇತ್ತು, ಮುಖದಲ್ಲಿರಲಿಲ್ಲ.

ನನ್ನ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಲ್ಲಿ ಪಾಸಾದ ಹಿಂದಿ. ಅಲ್ಲಿಯದು ಭೋಜ್‌ಪುರಿ. ನಾನು "ಕೃಪಯಾ ಶಿಶು ಕೋ" ಅಂತ ಶುರು ಮಾಡಿದರೆ ಒಬ್ಬ ಅಜ್ಜಿ ಪಕ್ಕದವಳನ್ನು ಕೇಳಿದಳು, ಇವರು ಮಾತಾಡ್ತಿರೋದು ಇಂಗ್ಲಿಷಾ? ನಾಲ್ಕು ದಿನದಲ್ಲಿ ಎರಡು ಮಾತು ಕಲಿತೆ. "ಕಾ ಹಾಲ್ ಬಾ?", "ಠಂಡಾ ಲಾಗತ್ ಬಾ." ಆ ಚಳಿಗೆ ಎರಡನೆಯದು ದಿನಕ್ಕೆ ನೂರು ಸಲ ಬೇಕಾಗುತ್ತಿತ್ತು.

ಒಳಗಿದ್ದದ್ದು ತೂಕ ಕಡಿಮೆ ಇರುವ ಕೂಸುಗಳು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕ ಅಂತ ಲೆಕ್ಕ. ಅಲ್ಲಿ ಕೆಲವು ಒಂದೂವರೆ ಕಿಲೋನೂ ಇರಲಿಲ್ಲ. ಅಷ್ಟು ಚಿಕ್ಕ ಮೈ ತನ್ನ ಶಾಖ ತಾನೇ ಹಿಡಿದಿಟ್ಟುಕೊಳ್ಳಲಾರದು, ಅದಕ್ಕೆ ಕೂಸಿನ ಬಟ್ಟೆ ತೆಗೆದು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ ಕಪ್ಪೆ ಮಲಗಿದಂತೆ ಮಲಗಿಸಿ, ಮೇಲೆ ಬಟ್ಟೆ ಸುತ್ತಿ ಗಂಟೆಗಟ್ಟಲೆ ಇಡುತ್ತಾರೆ. ಕಾಂಗರೂ ಆರೈಕೆ ಅನ್ನುತ್ತಾರೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದಂತೆ. ಇನ್‌ಕ್ಯುಬೇಟರು ಸಾಲದೆ ಅಮ್ಮಂದಿರನ್ನೇ ಇನ್‌ಕ್ಯುಬೇಟರು ಮಾಡಿದರು. ಕೂಸಿನ ಮೈಮೇಲೆ ಇರೋದು ಒಂದು ಲಂಗೋಟಿ, ಕಾಲುಚೀಲ, ಟೋಪಿ. ಟೋಪಿ ಮುಖ್ಯ. ಪುಟ್ಟ ಕೂಸಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು ಅಲ್ವಾ, ಶಾಖ ಅಲ್ಲಿಂದಲೇ ಜಾಸ್ತಿ ಹೋಗುತ್ತೆ.

ಒಂದು ದಿನ ಒಂದು ಕೂಸು ಅಳುತ್ತಿತ್ತು. ಅದರಮ್ಮ ಬಚ್ಚಲಿಗೆ ಹೋಗಿದ್ದಳು. ನಾನು ಎತ್ತಿಕೊಂಡೆ. ಎತ್ತಿಕೊಳ್ಳದೆ ಇರೋಕಾಗುತ್ತಾ? ಮಗಳು ವಾರ್ಡಿನ ಆ ತುದಿಯಿಂದ ಬಂದಳು. "ಕೈ ತೊಳೆದ್ರಾ?" ಅಂದಳು. ಇಲ್ಲ. "ಇಡಿ ಕೆಳಗೆ." ಇಟ್ಟೆ. ಅಷ್ಟೂ ಜನರ ಮುಂದೆ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ಬಳೆ ಮೇಲೆ ಸರಿಸಿ, ಸೋಪು ಹಾಕಿ, ಬೆರಳ ಸಂದಿ, ಹೆಬ್ಬೆರಳು, ಉಗುರ ಬುಡ, ಒಂದೊಂದೇ ಉಜ್ಜಿಸಿದಳು. ಅವಳಿಗೆ ನಾಲ್ಕು ವರ್ಷವಿದ್ದಾಗ ನಾನು ಮಣ್ಣಿನ ಕೈ ಹಿಡಿದು ಹೀಗೇ ತೊಳೆಸುತ್ತಿದ್ದೆ. ಆ ಕ್ಷಣದಲ್ಲಿ ಅದೆಲ್ಲ ನೆನಪಾಗಿ ಮನಸ್ಸು ಕರಗಿತು ಅಂದರೆ ಸುಳ್ಳಾಗುತ್ತೆ. ಮೈಯೆಲ್ಲ ಉರಿಯುತ್ತಿತ್ತು. ರಾತ್ರಿ ಊಟಕ್ಕೂ ಕರೆಯಲಿಲ್ಲ ಅವಳನ್ನು. ಅವಳು ಕ್ಷಮೆ ಕೇಳಲೂ ಇಲ್ಲ.

ಆಮೇಲೆ ಜೇನುತುಪ್ಪದ ರಗಳೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವುದು ಅಲ್ಲಿಯ ಅಜ್ಜಿಯರ ರೂಢಿ. ಬೇಡ ಅಂತ ಅವರಿಗೆ ತಿಳಿಹೇಳುವುದು ನನ್ನ ಕೆಲಸ. ನನಗೆ ನಗು ಬಂತು. ನಮ್ಮಲ್ಲೂ ಅದೇ ಅಲ್ವಾ. ಇವಳು ಹಾಸನದ ರೆಡ್‌ಫರ್ನ್ ಆಸ್ಪತ್ರೆಯಲ್ಲಿ ಹುಟ್ಟಿದಾಗ ನಮ್ಮತ್ತೆ ನರ್ಸು ಆ ಕಡೆ ತಿರುಗಿದ ಕೂಡಲೇ ಬೆರಳಲ್ಲಿ ಜೇನು ಇಟ್ಟಿದ್ದರು, ನಾನು ಕಂಡೂ ಕಾಣದ ಹಾಗಿದ್ದೆ. ಅದನ್ನೇ ಆ ಅಜ್ಜಿಯರಿಗೆ ಹೇಳಿದೆ, ನನ್ನ ಹರಕು ಹಿಂದಿಯಲ್ಲಿ, ಇಗೋ ಈ ಸಿಸ್ಟರಿಗೇ ಹಾಕಿದ್ದೆವು, ಈಗ ಅವಳೇ ಬೈಯುತ್ತಾಳೆ ಅಂತ. ಜಗಲಿ ಪೂರ್ತಿ ನಕ್ಕಿತು. ಇವಳು ನಿನ್ನ ಮಗಳಾ, ಮದುವೆ ಆಗಿದೆಯಾ, ಯಾಕಾಗಿಲ್ಲ. ಆಹಾ, ನನಗೆ ಬೇಕಾದ ಜನ ಸಿಕ್ಕರು.

ಬಿಡುವಿನಲ್ಲಿ ಟೋಪಿ ಹಾಕೋಣ ಅಂತ ಕ್ರೋಷಾ ಕಡ್ಡಿ ತೆಗೆದೆ. ಅದು ನನಗೆ ಚೆನ್ನಾಗಿ ಬರುತ್ತೆ. ಹೂವು ಹೂವಾಗಿ ಒಂದು ಟೋಪಿ ಮುಗಿಸಿ ಹೆಮ್ಮೆಯಿಂದ ತೋರಿಸಿದೆ. ನಡುವಿಗೆ ಶಾಲು ಬಿಗಿದಿದ್ದ ಒಬ್ಬ ಅಜ್ಜಿ ಅದನ್ನು ಬೆಳಕಿಗೆ ಹಿಡಿದಳು. ಕಣ್ಣಿಟ್ಟು ನೋಡಿದಳು. ತೂತಿನೊಳಗೆ ಕಿರುಬೆರಳು ತೂರಿಸಿ ನನ್ನ ಕಡೆ ಅಲ್ಲಾಡಿಸಿದಳು. ಗಾಳಿ ಹೋಗುತ್ತೆ ಅಂತ. ಆಮೇಲೆ ತನ್ನ ಗಂಟಿನಿಂದ ಎರಡು ಸೂಜಿ ತೆಗೆದಳು. ಒಂದು ಸ್ಟೀಲಿನದು, ಇನ್ನೊಂದು ಸೈಕಲ್ಲಿನ ಕಡ್ಡಿ, ತುದಿ ಉಜ್ಜಿ ನುಣ್ಣಗೆ ಮಾಡಿದ್ದು. ನನ್ನ ಉಂಡೆಯನ್ನೇ ಕಿತ್ತುಕೊಂಡು, ನೋಡದೆಯೇ, ಪಕ್ಕದವಳ ಜೊತೆ ಮಾತಾಡುತ್ತಲೇ ಹೆಣೆಯುತ್ತಾ ಹೋದಳು. ಸೀಧಾ, ಉಲ್ಟಾ, ಸೀಧಾ, ಉಲ್ಟಾ. ಒಂದು ಗಂಟೆಯೊಳಗೆ ಟೋಪಿ ಆಯಿತು. ಎಳೆದರೆ ಹಿಗ್ಗುತ್ತೆ, ಬಿಟ್ಟರೆ ಹಿಡಿಯುತ್ತೆ, ಕೂಸಿನ ತಲೆಗೆ ಅಳತೆ ಕೊಟ್ಟ ಹಾಗೆ.

ಅಲ್ಲಿಂದ ನಾನು ಉಣ್ಣೆ ತರುವವಳಾದೆ, ಅವರು ಹೆಣೆಯುವವರಾದರು. ಇ-ರಿಕ್ಷಾ ಹತ್ತಿ ಗಡಿ ದಾಟಿ ಬೀರ್‌ಗಂಜಿಗೂ ಹೋಗಿ ಬಂದೆ. ನಮ್ಮವರಿಗೆ ವೀಸಾ ಏನೂ ಬೇಡ. ನಮ್ಮ ನೂರು ರೂಪಾಯಿಗೆ ಅವರದು ನೂರಾ ಅರವತ್ತು. ಅಂಗಡಿಯವನು "ಐಸಿಯಾ, ಎನ್‌ಸಿಯಾ" ಅಂತ ಕೇಳಿದ. ಇಂಡಿಯನ್ ಕರೆನ್ಸಿಯಾ ನೇಪಾಳಿಯಾ ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವನು ಎರಡರಲ್ಲೂ ಬೆಲೆ ಹೇಳಿ ಮುಗಿಸಿದ್ದ.

ನಮ್ಮ ಮನೆಯವರ ಕಥೆ ಚಿಕ್ಕದು. ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಸ್ಟ್ರೆಚರು, ವೀಲ್‌ಚೇರು, ಟ್ರಾಲಿ. ಬೇರಿಂಗಿಗೆ ಧೂಳು ಸೇರಿ ಕಿರುಚುತ್ತಿದ್ದವು. ದಿನಕ್ಕೆ ಎರಡು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿದರು. ಅಲ್ಲಿಯ ಹುಡುಗ ಒಬ್ಬನಿಗೆ ಕೆಲಸ ಕಲಿಸಿದರು. ಅವರಿಗೆ ಹಿಂದಿ ಬರಲ್ಲ, ಅವನಿಗೆ ಕನ್ನಡ ಬರಲ್ಲ. ಸ್ಪ್ಯಾನರಿನ ನಂಬರಿನಲ್ಲೇ ಮಾತು. ಐದು ವಾರದಲ್ಲಿ ಮೂರು ಕಿಲೋ ಇಳಿದರು, ಆದರೆ ರಿಟೈರ್ ಆದ ಮೇಲೆ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಸಭೆಯ ಹಿರಿಯರೊಬ್ಬರು ನಮಗೆ ಹಿಂದಿಯ ಸುವಾರ್ತೆ ಕರಪತ್ರಗಳ ಒಂದು ಕಟ್ಟು ಕೊಟ್ಟು ಕಳಿಸಿದ್ದರು. ಮಗಳು ನೋಡಿದ ಕೂಡಲೇ ತೆಗೆದು ಬೀರುವಿನಲ್ಲಿಟ್ಟಳು. "ಮಲಗಿರೋರ ಕೈಗೆ ಇದನ್ನ ಕೊಟ್ರೆ ಅವರು ಬೇಡ ಅನ್ನೋಕಾಗುತ್ತಾ ಅಪ್ಪಾ? ಚಾಪೆಲ್ ಬಾಗಿಲು ತೆಗೆದೇ ಇರುತ್ತೆ. ಬರೋರು ಬರ್ತಾರೆ." ಇವರಿಗೆ ಮೊದಲು ಸರಿಹೋಗಲಿಲ್ಲ. ಮತ್ಯಾಕೆ ಮಿಷನ್ ಅನ್ನೋದು ಅಂತ ಗೊಣಗಿದರು. ಮೂರನೇ ವಾರ ನಾನು ನೆನಪಿಸಿದಾಗ, "ಬಿಡು, ಇನ್ನೂ ಹನ್ನೊಂದು ಟ್ರಾಲಿ ಇದೆ" ಅಂದರು.

ಸೈಕಲ್ ಕಡ್ಡಿಯ ಅಜ್ಜಿಯ ಮೊಮ್ಮಗು 1,400 ಗ್ರಾಂ. ಒಂಬತ್ತನೇ ದಿನ ಅವರು ಕರೆದುಕೊಂಡು ಹೋಗ್ತೀವಿ ಅಂದರು. ಇನ್ನೂ ತೂಕ ಬಂದಿಲ್ಲ, ಇರಿ ಅಂತ ಡಾಕ್ಟರು ಹೇಳಿದರು, ಹಣದ ಚಿಂತೆ ಬೇಡ ಅಂತಲೂ ಹೇಳಿದರು. ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ಒಂದು ಎಮ್ಮೆ, ನೋಡುವವರಿಲ್ಲ. ಗಂಡ ಪಂಜಾಬಿನಲ್ಲಿ ಕೂಲಿ. ನಾನು ಅಜ್ಜಿಯ ಕೈ ಹಿಡಿದು ಬೇಡಿಕೊಂಡೆ, ಆಮೇಲೆ ಸಿಟ್ಟೂ ಮಾಡಿದೆ. ಮಗಳು ಎರಡೂ ಮಾಡಲಿಲ್ಲ. ಫಾರಂ ತುಂಬಿಸಿದಳು. ಎದೆಗೆ ಕಟ್ಟುವುದನ್ನು ಇನ್ನೊಮ್ಮೆ ಅಮ್ಮನ ಕೈಯಲ್ಲೇ ಮಾಡಿಸಿದಳು. ಫೋನ್ ನಂಬರು ಬರೆದುಕೊಂಡಳು. ಎರಡು ಟೋಪಿ ಕೊಟ್ಟಳು. ಮಂಜಿನಲ್ಲಿ ಟೆಂಪೋ ಹತ್ತಿ ಹೋದರು. ಆಮೇಲೆ ಎರಡು ದಿನ ಫೋನ್ ಮಾಡಿದಳು, ಸ್ವಿಚ್ ಆಫ್. ಮುಂದೇನಾಯಿತೋ ಗೊತ್ತಿಲ್ಲ.

ಫೋಟೋ ತೋರಿಸೋಣ ಅಂತ ನಾನು ಅಂದುಕೊಂಡಿದ್ದು ಅವತ್ತು ರಾತ್ರಿಯೇ. ಅವಳು ಬಂದು ಮುದ್ದೆ ತಿಂದಳು, ಐದಕ್ಕೆ ಎಬ್ಬಿಸು ಅಂದಳು, ಶೂ ಹಾಕಿಕೊಂಡೇ ಮಲಗಿಬಿಟ್ಟಳು. ಶೂ ಬಿಚ್ಚಿದೆ. ಕಾಲುಚೀಲದ ಹಿಮ್ಮಡಿ ಎರಡೂ ಹರಿದಿತ್ತು. ಬೀರುವಿಗೆ ಬೀಗ ಹಾಕಿದ್ದಳಲ್ಲ, ಬೇರೆ ಜೊತೆ ತೆಗೆದಿಡಲೂ ಆಗಲಿಲ್ಲ.

ಕ್ರಿಸ್‌ಮಸ್ಸಿಗೆ ಚಾಪೆಲ್ಲಿನಲ್ಲಿ ಢೋಲಕ್ ಹೊಡೆದು ಹಿಂದಿ ಭಜನೆ ಹಾಡಿದರು. ನಾವಿಬ್ಬರೂ ಒಂದು ಕನ್ನಡ ಕೀರ್ತನೆ ಹಾಡಿದೆವು. ಇವರು ಶ್ರುತಿ ಬಿಟ್ಟರು. ಆಮೇಲೆ ಎಲ್ಲರಿಗೂ ಪೂರಿ, ಆಲೂಗಡ್ಡೆ ಪಲ್ಯ. ರೋಗಿಗಳ ಮನೆಯವರೂ ಬಂದರು.

ಅವತ್ತು ಸಂಜೆ ಬೆಂಕಿಯ ಮುಂದೆ ಕೂತಾಗ ವೆಲ್ಲೂರಿನಲ್ಲಿ ಓದಿದವರೆಲ್ಲ ಬಲ್ಲ ಕಥೆಯನ್ನು ನನ್ನ ಮಗಳು ಹೇಳಿದಳು. ಸಿಎಂಸಿ ಕಟ್ಟಿದ ಐಡಾ ಸ್ಕಡರ್ ಮಿಷನರಿಗಳ ಮಗಳು, ಆದರೆ ಮಿಷನರಿ ಆಗಲು ಇಷ್ಟವಿರಲಿಲ್ಲ. 1890ರಲ್ಲಿ ಅಮೆರಿಕದಿಂದ ತಿಂಡಿವನಕ್ಕೆ ಬಂದದ್ದು ಕಾಯಿಲೆ ಬಿದ್ದ ಅಮ್ಮನನ್ನು ನೋಡಿಕೊಳ್ಳಲು ಮಾತ್ರ. ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೆ ಒಬ್ಬರು ಬಂದು ಹೆರಿಗೆ ನೋವಿನಲ್ಲಿರುವ ಹೆಂಡತಿಗೆ ಸಹಾಯ ಕೇಳಿದರು. ಗಂಡು ಡಾಕ್ಟರು, ಅಂದರೆ ಅವಳಪ್ಪ, ಬರುವುದು ಅವರಿಗೆ ಬೇಡ. ಇವಳಿಗೆ ವೈದ್ಯ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ಹೋಗಿ ಡಾಕ್ಟರಾಗಿ 1900ರಲ್ಲಿ ವಾಪಸ್ ಬಂದಳು. "ಅಮ್ಮನ್ನ ನೋಡೋಕೆ ಬಂದೋಳು ಹಾಗೇ ಉಳಿದುಬಿಟ್ಳು. ನೀವು ಮಗಳನ್ನ ನೋಡೋಕೆ ಬಂದಿದ್ದೀರಿ, ಹುಷಾರು" ಅಂದಳು ನನ್ನ ಮಗಳು. ಎಲ್ಲರೂ ನಕ್ಕರು. ಇವರು ನಗಲಿಲ್ಲ. ಆಮೇಲೆ ರೂಮಿನಲ್ಲಿ ಕೇಳಿದರು, ರೆಡ್‌ಫರ್ನ್‌ನಲ್ಲಿ ನಿನ್ನ ಹೆರಿಗೆ ಆಯ್ತಲ್ಲ, ಅದನ್ನ ಕಟ್ಟಿದವರೂ ಎಲ್ಲಿಂದಲೋ ಹಡಗು ಹತ್ತಿ ಬಂದವರೇ ಅಲ್ವಾ, ಅವರಮ್ಮಂದಿರು ಏನಂದಿರಬಹುದು? ನನಗೆ ನಿದ್ದೆ ಬಂದಿದೆ ಅಂದೆ. ಬಂದಿರಲಿಲ್ಲ.

ಸಂಕ್ರಾಂತಿಗೆ ಅಲ್ಲಿ ಮೊಸರು ಅವಲಕ್ಕಿ ಮತ್ತು ತಿಲ್‌ಕುಟ್. ಎಳ್ಳು ಬೆಲ್ಲ ಕುಟ್ಟಿ ಬಿಲ್ಲೆ ಮಾಡಿರುತ್ತಾರೆ. ನಮ್ಮ ಎಳ್ಳು ಬೆಲ್ಲದ ನೆಂಟನೇ. ಜಗಲಿಯ ಅಜ್ಜಿಯರು ನನ್ನ ಸೆರಗಿಗೇ ಸುರಿದರು. ಅವತ್ತು ರಾತ್ರಿ ಫೋಟೋ ತೆಗೆದೆ. ಮಗಳು ಬೆಳಕಿಗೆ ಹಿಡಿದು ಚೆನ್ನಾಗಿಯೇ ನೋಡಿದಳು. "ಚೆನ್ನಾಗಿದ್ದಾನಮ್ಮ. ಇಲ್ಲಿಗೆ ಬರ್ತಾನಾ ಕೇಳು."

ಊರಿಗೆ ಬಂದು ಕೇಳಿದೆವು. ಹುಡುಗನ ಮನೆಯವರು ನಾವು ತಮಾಷೆ ಮಾಡ್ತಿದ್ದೀವಿ ಅಂದುಕೊಂಡರು.

ಹೊರಡುವ ದಿನ ಅವಳು ಬಸ್ಸಿನವರೆಗೆ ಬರಲಿಲ್ಲ, ಡ್ಯೂಟಿ ಇತ್ತು. ವಾರ್ಡಿನ ಬಾಗಿಲಲ್ಲಿ ನಿಂತು ಕೈ ಮಾಡಿದಳು. ಇನ್ನೆಷ್ಟು ವರ್ಷ ಅಂತ ಕೇಳಬೇಡ ಅಂತ ಇವರು ಮೊದಲೇ ಹೇಳಿದ್ದರು, ಆದರೂ ಕೇಳಿದೆ. "ನೋಡೋಣಮ್ಮ" ಅಂದಳು. ನನಗೆ ಈಗಲೂ ಸಿಟ್ಟಿದೆ. ಇಲ್ಲ ಅನ್ನಲಾರೆ.

ಈಗ ಮಹಿಳಾ ಕೂಟದಲ್ಲಿ ಆರು ಜನ ಸೂಜಿ ಹಿಡಿದಿದ್ದೇವೆ. ನಲವತ್ತು ಟೋಪಿ ಆದ ಮೇಲೆ ಸ್ಪೀಡ್ ಪೋಸ್ಟ್. ಮೊದಲನೇ ಕಟ್ಟು ತಲುಪಿದಾಗ ಮೆಸೇಜ್ ಬಂತು: "ದೊಡ್ಡದಾಯ್ತು. ಸುತ್ತಳತೆ 28, 30 ಸೆಂಟಿಮೀಟರ್ ಇರಲಿ." ಅಳತೆಗೆ ನಾವು ಇಟ್ಟುಕೊಂಡಿದ್ದು ಸುಲಿದ ತೆಂಗಿನಕಾಯಿ. ನಮ್ಮ ತೋಟದ ಕಾಯಿ ದಪ್ಪ. ಮೊನ್ನೆ ಕಟ್ಟಿನಕೆರೆ ಮಾರ್ಕೆಟ್ಟಿಗೆ ಟೇಪು ತೆಗೆದುಕೊಂಡು ಹೋಗಿದ್ದೆ. ಕಾಯಿ ಅಂಗಡಿಯವನ ರಾಶಿಯಲ್ಲಿ ಒಂದೊಂದೇ ಎತ್ತಿ ಸುತ್ತಳತೆ ನೋಡುತ್ತಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಟೀಚರೇ, ದೊಡ್ಡ ಕಾಯಿಗೂ ಅದೇ ರೇಟು, ಚಿಕ್ಕದನ್ನೇ ಯಾಕೆ ಆರಿಸ್ತಿದ್ದೀರಿ?"